ನಿಮಗಿದು ಗೊತ್ತೇ? ಲಿನಕ್ಸ್ ಮೇಲೆ ಆಟವಾಡುವವರ ಹಠ

● ಒಂದೇ ಒಂದು ಆಟವನ್ನು ತಮ್ಮ ಕಂಪ್ಯೂಟರಿನಲ್ಲಿ ಆಡಲೇಬೇಕೆಂದು ಹೊರಟವರೊಬ್ಬರು ಸಾವಿರಾರು ಆಟಗಳಿಗೆ ದಾರಿ ಮಾಡಿಕೊಟ್ಟರು. ಜರ್ಮನಿಯ ಫಿಲಿಪ್ ರೆಬೋಲೆ ವಿಂಡೋಸ್ ಬದಲು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆ ಬಳಸುವವರು. ಜಪಾನಿನ ‘ನಿಯರ್: ಆಟೋಮಾಟಾ’ 2017ರಲ್ಲಿ ವಿಂಡೋಸ್‌ಗೆ ಬಂತು, ಲಿನಕ್ಸ್‌ಗೆ ಬರಲಿಲ್ಲ. ವಿಂಡೋಸ್ ಆಟಗಳು ಗ್ರಾಫಿಕ್ಸ್ ಕಾರ್ಡಿನ ಜೊತೆ ಮಾತಾಡುವುದು ಮೈಕ್ರೋಸಾಫ್ಟಿನ ಡೈರೆಕ್ಟ್ ತ್ರೀಡಿ ಎಂಬ ಭಾಷೆಯಲ್ಲಿ. ಲಿನಕ್ಸ್‌ಗೆ ಆ ಭಾಷೆ ಬಾರದು. ಅದಕ್ಕೆ ಚೆನ್ನಾಗಿ ಬರುವುದು 2016ರ ಫೆಬ್ರುವರಿಯಲ್ಲಿ ಹೊರಬಂದ ‘ವಲ್ಕನ್’. ರೆಬೋಲೆ ಇವೆರಡರ ನಡುವೆ ಒಬ್ಬ ದುಭಾಷಿಯನ್ನು ಕೂರಿಸಿದರು. ಆಟ ಹೇಳಿದ ಪ್ರತಿಯೊಂದು ಮಾತನ್ನೂ ಆ ಕ್ಷಣವೇ ವಲ್ಕನ್‌ಗೆ ತಿರುಗಿಸುವ ಈ ತಂತ್ರಾಂಶದ ಹೆಸರು ಡಿಎಕ್ಸ್‌ವಿಕೆ. ಸ್ಟೀಮ್ ಎಂಬ ಆಟಗಳ ಅಂಗಡಿ ನಡೆಸುವ ವಾಲ್ವ್ ಕಂಪನಿ 2018ರ ಆರಂಭದಲ್ಲೇ ಅವರ ಕೆಲಸಕ್ಕೆ ಹಣ ಕೊಡತೊಡಗಿತು. ಇವತ್ತು ಲಿನಕ್ಸ್‌ನಲ್ಲಿ ಓಡುವ ವಿಂಡೋಸ್ ಆಟಗಳಲ್ಲಿ ಬಹುಪಾಲು ಈ ದುಭಾಷಿಯ ಬಾಯಿಂದಲೇ ಮಾತಾಡುತ್ತವೆ.

● ಅದೇ ದುಭಾಷಿ ತಿರುಗಿ ವಿಂಡೋಸ್‌ಗೂ ಹೋಗಿ ಕೆಲಸಕ್ಕೆ ಸೇರಿತು! ಇಂಟೆಲ್ ತನ್ನ ‘ಆರ್ಕ್’ ಗ್ರಾಫಿಕ್ಸ್ ಕಾರ್ಡುಗಳನ್ನು 2022ರಲ್ಲಿ ತಂದಾಗ ಹಳೆಯ ಆಟಗಳು ಅದರಲ್ಲಿ ಕುಂಟುತ್ತಿದ್ದವು. ಆ ವರ್ಷದ ಕೊನೆಗೆ ಡೈರೆಕ್ಟ್ ತ್ರೀಡಿ 9ರ ಆಟಗಳಿಗಾಗಿ ಇಂಟೆಲ್ ತನ್ನ ವಿಂಡೋಸ್ ಡ್ರೈವರಿನೊಳಗೇ ಡಿಎಕ್ಸ್‌ವಿಕೆಯನ್ನು ಬಳಸಿಕೊಂಡಿತು. ಲಿನಕ್ಸ್ ಪ್ರಿಯರು ತಮಗಾಗಿ ಕಟ್ಟಿಕೊಂಡ ಸೇತುವೆಯ ಮೇಲೆ ವಿಂಡೋಸ್ ಬಳಕೆದಾರರೂ ನಡೆದಾಡುತ್ತಿದ್ದಾರೆ. ಮುಕ್ತ ತಂತ್ರಾಂಶವೆಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಕಥೆಯನ್ನೇ.

● ಲಿನಕ್ಸ್‌ನ ಹಿರಿಯನಾದ ಯೂನಿಕ್ಸ್ ಹುಟ್ಟಿದ್ದರ ಹಿಂದೆಯೂ ಒಂದು ಆಟವಿದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಕೆನ್ ಥಾಂಪ್ಸನ್ 1969ರಲ್ಲಿ ‘ಸ್ಪೇಸ್ ಟ್ರಾವೆಲ್’ ಎಂಬ ಆಟ ಬರೆದರು. ಸೌರಮಂಡಲದಲ್ಲಿ ನೌಕೆ ಹಾರಿಸಿ ಗ್ರಹಗಳ ಮೇಲೆ ಇಳಿಸುವ ಆಟ. ದೊಡ್ಡ ಕಂಪ್ಯೂಟರಿನಲ್ಲಿ ಒಂದು ಸಲ ಆಡಿದರೆ ಸುಮಾರು 75 ಡಾಲರ್ ಯಂತ್ರವೆಚ್ಚ ಬೀಳುತ್ತಿತ್ತು. ಮೂಲೆಯಲ್ಲಿ ಯಾರೂ ಹೆಚ್ಚು ಬಳಸದ ಪಿಡಿಪಿ-7 ಎಂಬ ಸಣ್ಣ ಯಂತ್ರವಿತ್ತು. ಆಟವನ್ನು ಅದಕ್ಕೆ ಸಾಗಿಸಲು ಬರೆದ ಉಪಕರಣಗಳು, ಆ ಯಂತ್ರದ ಮೇಲೆ ಕುದುರಿದ ಕೈ, ಇವೇ ಮುಂದೆ ಯೂನಿಕ್ಸ್‌ಗೆ ಅಡಿಪಾಯವಾದವು. ಲಿನಕ್ಸ್ ಅನುಸರಿಸಿದ್ದು ಆ ಯೂನಿಕ್ಸ್‌ನ ದಾರಿಯನ್ನು.

● ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರ ಜನವರಿಯಲ್ಲಿ ಹೊಸ 386 ಕಂಪ್ಯೂಟರ್ ಕೊಂಡ. ಬೇಕಿದ್ದ ಮಿನಿಕ್ಸ್ ಎಂಬ ತಂತ್ರಾಂಶ ಅಂಚೆಯಲ್ಲಿ ಬರುವುದು ತಡವಾಯಿತು. ಅಲ್ಲಿಯತನಕ ಆತ ಆಡುತ್ತ ಕುಳಿತದ್ದು ‘ಪ್ರಿನ್ಸ್ ಆಫ್ ಪರ್ಷಿಯಾ’. ಅದೇ ವರ್ಷ ಅದೇ ಯಂತ್ರದ ಮೇಲೆ ಲಿನಕ್ಸ್ ಹುಟ್ಟಿತು.

● ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್ ಮೇಲೆ ಓಡಿಸುವ ‘ವೈನ್’ ಕೆಲಸ ಶುರುವಾದದ್ದು 1993ರಲ್ಲಿ. ಅದರ 1.0 ಆವೃತ್ತಿ ಬಂದದ್ದು ಯಾವಾಗ? 2008ರ ಜೂನ್‌ನಲ್ಲಿ! ಹದಿನೈದು ವರ್ಷ. ಅಲೆಕ್ಸಾಂಡರ್ ಜೂಲಿಯಾರ್ ಎಂಬವರು 1994ರಲ್ಲಿ ಹೊಣೆ ಹೊತ್ತವರು, ಮೂರು ದಶಕ ಕಳೆದರೂ ಇಳಿಸಿಲ್ಲ. ಅವರ ಆ ತಾಳ್ಮೆಯಿಲ್ಲದೆ ಹೋಗಿದ್ದರೆ ಈ ಅಂಕಣದ ಅರ್ಧ ಸಂಗತಿಗಳು ನಡೆಯುತ್ತಲೇ ಇರಲಿಲ್ಲ.

ವೈನ್ ಅನ್ನು ಎಮ್ಯುಲೇಟರ್ ಎಂದರೆ ಬಲ್ಲವರು ಕೂಡಲೇ ತಿದ್ದುತ್ತಾರೆ, ಅದಕ್ಕೆ ಕಾರಣವೂ ಇದೆ. ಎಮ್ಯುಲೇಟರ್ ಎಂದರೆ ಒಂದು ಯಂತ್ರದೊಳಗೆ ಇನ್ನೊಂದು ಯಂತ್ರದ ವೇಷ ಕಟ್ಟುವುದು. ಪ್ರತಿ ಹೆಜ್ಜೆಯನ್ನೂ ನಟಿಸಬೇಕು, ಹಾಗಾಗಿ ನಿಧಾನ. ವೈನ್ ವೇಷ ಕಟ್ಟುವುದಿಲ್ಲ. ವಿಂಡೋಸ್ ಆಟವೂ ಲಿನಕ್ಸ್ ಕಂಪ್ಯೂಟರೂ ಬಳಸುವ ಪ್ರೊಸೆಸರ್ ಒಂದೇ ಜಾತಿಯದು. ಆಟದ ಲೆಕ್ಕಾಚಾರವೆಲ್ಲ ನೇರವಾಗಿ ಪ್ರೊಸೆಸರಿನ ಮೇಲೆಯೇ ನಡೆಯುತ್ತದೆ. ‘ಈ ಫೈಲ್ ತೆರೆ’, ‘ಈ ಸದ್ದು ಹೊರಡಿಸು’ ಎಂದು ಆಟ ವಿಂಡೋಸನ್ನು ಕೇಳಿದಾಗ ಮಾತ್ರ ವೈನ್ ಎದ್ದು ‘ಹ್ಞಾಂ, ಹೇಳಿ’ ಎನ್ನುತ್ತದೆ.

● ತೊಂಬತ್ತರ ದಶಕದ ಆರಂಭದ 16-ಬಿಟ್ ವಿಂಡೋಸ್ ಆಟಗಳನ್ನು ಇವತ್ತಿನ 64-ಬಿಟ್ ವಿಂಡೋಸ್ ಓಡಿಸುವುದಿಲ್ಲ. ಲಿನಕ್ಸ್ ಮೇಲಿನ ವೈನ್ ಅಂಥ ಎಷ್ಟೋ ಆಟಗಳನ್ನು ಓಡಿಸುತ್ತದೆ.

● ‘ಡೂಮ್’ ಆಟವನ್ನು 1994ರಲ್ಲೇ ಲಿನಕ್ಸ್‌ಗೆ ತಂದವರು ಐಡಿ ಸಾಫ್ಟ್‌ವೇರ್‌ನ ಡೇವ್ ಟೇಲರ್. ಲಿನಕ್ಸ್‌ಗೆ ಆಗಿನ್ನೂ ಮೂರು ವರ್ಷ, ಹಾಲುಹಲ್ಲಿನ ವಯಸ್ಸು. ಮುಂದೆ 1997ರ ಡಿಸೆಂಬರಿನಲ್ಲಿ ಅದೇ ಐಡಿಯ ಜಾನ್ ಕಾರ್ಮ್ಯಾಕ್ ಡೂಮ್‌ನ ಮೂಲ ಸಂಕೇತವನ್ನು ಎಲ್ಲರಿಗೂ ಬಿಟ್ಟುಕೊಟ್ಟಾಗ ಹೊರಬಂದದ್ದು ಡಾಸ್ ಆವೃತ್ತಿಯಲ್ಲ, ಈ ಲಿನಕ್ಸ್ ಆವೃತ್ತಿ. ಡಾಸ್‌ನದರಲ್ಲಿ ಸದ್ದಿನ ಭಾಗ ಬೇರೆಯವರ ಹಕ್ಕಿನದಾಗಿತ್ತು. ಇವತ್ತು ಜನ ಕ್ಯಾಲ್ಕುಲೇಟರಿನ ಮೇಲೂ ಪ್ರಿಂಟರಿನ ಮೇಲೂ ಡೂಮ್ ಓಡಿಸಿ ಸಂಭ್ರಮಿಸುತ್ತಾರಲ್ಲ, ಆ ವಂಶವೃಕ್ಷದ ಬೇರು ಇಲ್ಲಿದೆ.

● ಲಿನಕ್ಸ್‌ಗೆ ಆಟಗಳನ್ನು ತರುವುದಕ್ಕಾಗಿಯೇ 1998ರಲ್ಲಿ ಲೋಕಿ ಸಾಫ್ಟ್‌ವೇರ್ ಎಂಬ ಕಂಪನಿ ಹುಟ್ಟಿತು. ‘ಸಿವಿಲೈಸೇಶನ್: ಕಾಲ್ ಟು ಪವರ್’ನಿಂದ ಆರಂಭಿಸಿ ಹಲವು ಹೆಸರಾಂತ ಆಟಗಳನ್ನು ತಂದಿತು, ಕೊಳ್ಳುವವರು ಸಾಲದೆ 2002ರ ಜನವರಿಯಲ್ಲಿ ಬಾಗಿಲು ಹಾಕಿತು. ಅಲ್ಲಿದ್ದ ಸ್ಯಾಮ್ ಲಾಂಟಿಂಗಾ ಬರೆದ ಎಸ್‌ಡಿಎಲ್ ಎಂಬ ಸಂಗ್ರಹ ಮಾತ್ರ ಉಳಿಯಿತು. ಕಿಟಕಿ ತೆರೆಯುವುದು, ಜಾಯ್‌ಸ್ಟಿಕ್ಕಿನ ಗುಂಡಿ ಗುರುತಿಸುವುದು, ಸದ್ದು ಹೊರಡಿಸುವುದು, ಇಂಥ ಕೆಲಸಗಳನ್ನು ಎಲ್ಲ ಬಗೆಯ ಕಂಪ್ಯೂಟರಿನಲ್ಲೂ ಒಂದೇ ರೀತಿ ಮಾಡಿಕೊಡುವ ಈ ಸಂಗ್ರಹವನ್ನು ಲೆಕ್ಕವಿಲ್ಲದಷ್ಟು ಆಟಗಳು ಬಳಸುತ್ತಿವೆ. ಲಾಂಟಿಂಗಾ 2012ರಲ್ಲಿ ವಾಲ್ವ್ ಸೇರಿದರು. ಮುಚ್ಚಿಹೋದ ಅಂಗಡಿಯ ತಕ್ಕಡಿ ಇನ್ನೂ ಊರಿಗೆಲ್ಲ ತೂಗುತ್ತಿದೆ.

● ‘ಲಿನಕ್ಸ್‌ನವರು ದುಡ್ಡು ಕೊಡುವುದಿಲ್ಲ’ ಎಂಬ ಮಾತು ಬಹುಕಾಲ ಓಡಾಡಿತು. 2010ರ ಮೇ ತಿಂಗಳಲ್ಲಿ ‘ಹಂಬಲ್ ಇಂಡೀ ಬಂಡಲ್’ ಎಂಬ ಕಟ್ಟು ಮಾರಾಟಕ್ಕೆ ಬಂತು. ಮನಸ್ಸಿಗೆ ಬಂದಷ್ಟು ಕೊಟ್ಟು ಕೊಳ್ಳಬಹುದಿತ್ತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿ ಸರಾಸರಿ ಅತಿ ಹೆಚ್ಚು ಕೊಟ್ಟವರು ಲಿನಕ್ಸ್ ಬಳಕೆದಾರರು.

● ವಾಲ್ವ್‌ನ ಮುಖ್ಯಸ್ಥ ಗೇಬ್ ನ್ಯೂವೆಲ್ ಮೊದಲು ಮೈಕ್ರೋಸಾಫ್ಟಿನಲ್ಲಿದ್ದವರು. 2012ರಲ್ಲಿ ವಿಂಡೋಸ್ 8 ತನ್ನದೇ ಅಂಗಡಿಯನ್ನು ಹೊತ್ತು ಬರುತ್ತಿದ್ದಾಗ, ಇದು ಪಿಸಿ ಲೋಕದವರಿಗೆಲ್ಲ ದುರಂತವೆಂದು ಅವರು ಬಹಿರಂಗವಾಗಿ ಹೇಳಿದರು. ಬೇರೊಬ್ಬರ ಜಾಗದಲ್ಲಿ ಅಂಗಡಿ ಇಟ್ಟವರಿಗೆ ಜಾಗದ ಮಾಲೀಕನೇ ಪಕ್ಕದಲ್ಲಿ ಅಂಗಡಿ ತೆರೆದರೆ ಏನನ್ನಿಸುತ್ತದೆಂದು ನಮ್ಮ ಸಂತೆಪೇಟೆಯ ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಿಲ್ಲ. ವಾಲ್ವ್ ಸ್ವಂತ ಜಾಗ ಹುಡುಕಿತು. ಲಿನಕ್ಸ್‌ಗೆ ಸ್ಟೀಮ್ ಅಧಿಕೃತವಾಗಿ ಬಂದದ್ದು 2013ರ ಫೆಬ್ರುವರಿ 14ರಂದು.

● ಆ ಸಿದ್ಧತೆಯ ದಿನಗಳ ಒಂದು ಲೆಕ್ಕ ಕೇಳಿ. ವಾಲ್ವ್ ತನ್ನ ‘ಲೆಫ್ಟ್ 4 ಡೆಡ್ 2’ ಆಟವನ್ನು ಉಬುಂಟು ಎಂಬ ಲಿನಕ್ಸ್ ಮೇಲೆ ಮೊದಲು ಓಡಿಸಿದಾಗ ಸೆಕೆಂಡಿಗೆ ಮೂಡುತ್ತಿದ್ದ ಚಿತ್ರಗಳು ಬರೀ 6. ತಿದ್ದಿ ತೀಡಿದ ಮೇಲೆ, 2012ರ ಆಗಸ್ಟ್ ಹೊತ್ತಿಗೆ, 315! ಅದೇ ಕಂಪ್ಯೂಟರಿನಲ್ಲಿ ವಿಂಡೋಸ್ ಕೊಟ್ಟದ್ದು 270. ವಿಂಡೋಸ್‌ನಲ್ಲೂ ಡೈರೆಕ್ಟ್ ತ್ರೀಡಿ ಬಿಟ್ಟು ಲಿನಕ್ಸ್‌ನಲ್ಲಿ ಬಳಸಿದ ದಾರಿಯಲ್ಲೇ ಓಡಿಸಿದಾಗ ಅದೂ 303ಕ್ಕೆ ಏರಿತು.

● ಆದರೂ ಮೊದಲ ಏಟಿಗೆ ಗೆಲುವು ಸಿಗಲಿಲ್ಲ. ಟಿವಿಯ ಮುಂದಿಡುವ ‘ಸ್ಟೀಮ್ ಮೆಷಿನ್’ಗಳು 2015ರ ನವೆಂಬರಿನಲ್ಲಿ ಬಂದವು, ಯಾರೂ ಹೆಚ್ಚು ಕೊಳ್ಳಲಿಲ್ಲ. ಕಾರಣ ಸರಳ: ಲಿನಕ್ಸ್‌ಗೆಂದೇ ಬರೆದ ಆಟಗಳು ಕಡಿಮೆ. ಎಲ್ಲ ಆಟದ ಕಂಪನಿಗಳೂ ಲಿನಕ್ಸ್‌ಗೆ ಬರೆಯಲಿ ಎಂದು ಕಾಯುತ್ತ ಕೂತರೆ ಆಗುವ ಕೆಲಸವಲ್ಲ ಎಂಬುದು ಅರಿವಾದದ್ದೇ ಆಗ. 2018ರ ಆಗಸ್ಟ್‌ನಲ್ಲಿ ವೈನ್, ಡಿಎಕ್ಸ್‌ವಿಕೆ ಮತ್ತಿತರ ತುಂಡುಗಳನ್ನು ಸೇರಿಸಿ ‘ಪ್ರೋಟಾನ್’ ಎಂಬ ಹೆಸರಿನಲ್ಲಿ ಸ್ಟೀಮ್‌ನೊಳಗೇ ಇಟ್ಟರು. ಬಳಕೆದಾರ ಆಟದ ಮೇಲೆ ಒತ್ತಿದರೆ ಸಾಕು, ಉಳಿದದ್ದು ಹಿಂದೆ ನಡೆಯುತ್ತದೆ. ಮೊದಲ ದಿನ ಖಾತ್ರಿ ಕೊಟ್ಟದ್ದು 27 ಆಟಗಳಿಗೆ. ಅವುಗಳಲ್ಲಿ ಒಂದು, ರೆಬೋಲೆ ಆಡಬೇಕೆಂದಿದ್ದ ಅದೇ ‘ನಿಯರ್: ಆಟೋಮಾಟಾ’.

● ಕೈಯಲ್ಲಿ ಹಿಡಿದು ಆಡುವ, ವಾಲ್ವ್‌ನ ‘ಸ್ಟೀಮ್ ಡೆಕ್’ 2022ರ ಫೆಬ್ರುವರಿ 28ರಿಂದ ಗ್ರಾಹಕರ ಕೈಸೇರತೊಡಗಿತು. ತೂಕ 669 ಗ್ರಾಂ, 7 ಅಂಗುಲದ ತೆರೆ, 16 ಜಿಬಿ ಮೆಮೊರಿ, ಆಗಿನ ಆರಂಭದ ಬೆಲೆ 399 ಡಾಲರ್. ಒಳಗಿರುವ ಎಎಂಡಿ ಚಿಪ್ಪಿನ ಗುಪ್ತನಾಮ ‘ಏರಿತ್’. ‘ಫೈನಲ್ ಫ್ಯಾಂಟಸಿ 7’ ಆಟದ ಒಬ್ಬ ನಾಯಕಿಯ ಹೆಸರದು. 2023ರ ನವೆಂಬರಿನಲ್ಲಿ ಬಂದ ಒಎಲ್‌ಇಡಿ ಡೆಕ್‌ನ ಚಿಪ್ಪಿಗೆ ಇಟ್ಟ ಹೆಸರು ಅದೇ ಆಟದಲ್ಲಿ ಅವಳನ್ನು ಕೊಲ್ಲುವ ಖಳನದು: ‘ಸೆಫಿರಾತ್’. ಆ ಕಥೆ ಬಲ್ಲವರಿಗೆ ಈ ಎರಡು ಹೆಸರು ಒಟ್ಟಿಗೆ ಕೇಳಿದರೆ ಎದೆ ಝಲ್ಲೆನ್ನುತ್ತದೆ.

ಡೆಕ್ ಬೀಗ ಹಾಕಿದ ಪೆಟ್ಟಿಗೆಯಲ್ಲ. ವಿದ್ಯುತ್ ಗುಂಡಿಯ ಪಟ್ಟಿಯಿಂದ ‘ಡೆಸ್ಕ್‌ಟಾಪ್’ಗೆ ಹೋದರೆ ಕೆಡಿಇ ಪ್ಲಾಸ್ಮಾ ಎಂಬ ಲಿನಕ್ಸ್ ಡೆಸ್ಕ್‌ಟಾಪಿನ ಪೂರ್ಣ ಪ್ರಮಾಣದ ಕಂಪ್ಯೂಟರ್ ಎದುರಾಗುತ್ತದೆ. ಕೀಲಿಮಣೆ, ಮಾನಿಟರ್ ಸಿಕ್ಕಿಸಿ ಪತ್ರ ಬರೆಯಬಹುದು, ಪ್ರೋಗ್ರಾಂ ಬರೆಯಬಹುದು. ಬಿಡಿಭಾಗಗಳು ಐಫಿಕ್ಸಿಟ್ ಎಂಬ ಕಂಪನಿಯ ಮೂಲಕ ಮಾರಾಟಕ್ಕಿವೆ. ಹೊರಕವಚದ ನಕ್ಷೆಗಳನ್ನೂ ವಾಲ್ವ್ ಎಲ್ಲರಿಗೂ ಬಿಟ್ಟುಕೊಟ್ಟಿದೆ. ಕೊಂಡ ವಸ್ತು ಕೊಂಡವರದೇ ಆಗಿರಬೇಕೆಂಬ ಹಳೆಯ ನ್ಯಾಯ ಇಲ್ಲಿ ಪಾಲನೆಯಾಗಿದೆ, ನನಗೆ ಡೆಕ್ ಮೇಲಿರುವ ಗೌರವಕ್ಕೆ ಅದೇ ಕಾರಣ.

● ಅಗ್ಗದ ಡೆಕ್‌ನಲ್ಲಿ ನುಣ್ಣಗೆ ಓಡಿದ ಆಟ ದುಬಾರಿ ವಿಂಡೋಸ್ ಕಂಪ್ಯೂಟರಿನಲ್ಲಿ ಎಡವಿದ್ದುಂಟು. 2022ರ ಫೆಬ್ರುವರಿಯಲ್ಲಿ ‘ಎಲ್ಡನ್ ರಿಂಗ್’ ಬಿಡುಗಡೆಯಾದಾಗ ಪಿಸಿಯಲ್ಲಿ ಆಡಿದ ಹಲವರು ದೂರಿದ್ದು ಆಟ ನಡುನಡುವೆ ಗಕ್ಕನೆ ನಿಲ್ಲುತ್ತದೆಂದು. ಇದಕ್ಕೆ ಸಾಮಾನ್ಯ ಕಾರಣ ‘ಶೇಡರ್’ಗಳು. ನೆರಳು, ಬೆಳಕು, ಬೆಂಕಿ, ಹೊಗೆ ಹೇಗೆ ಕಾಣಬೇಕೆಂದು ಹೇಳುವ ಸಣ್ಣ ಸಣ್ಣ ಪ್ರೋಗ್ರಾಂಗಳು ಇವು. ಒಬ್ಬೊಬ್ಬರ ಬಳಿ ಒಂದೊಂದು ಬಗೆಯ ಗ್ರಾಫಿಕ್ಸ್ ಕಾರ್ಡ್ ಇರುವುದರಿಂದ, ಅವನ್ನು ಆಯಾ ಕಾರ್ಡಿಗೆ ತಕ್ಕಂತೆ ಆಟದ ಹೊತ್ತಿನಲ್ಲೇ ಸಿದ್ಧಪಡಿಸಬೇಕಾಗುತ್ತದೆ. ನೆಂಟರು ಎಲೆಯ ಮುಂದೆ ಕೂತ ಮೇಲೆ ದೋಸೆಗೆ ಅಕ್ಕಿ ನೆನೆಹಾಕಿದ ಹಾಗೆ.

ಡೆಕ್‌ನ ಕಥೆ ಬೇರೆ. ಒಂದು ಮಾದರಿಯ ಡೆಕ್‌ಗಳೆಲ್ಲದರಲ್ಲೂ ಅದೇ ಚಿಪ್. ಶೇಡರ್‌ಗಳನ್ನು ಮೊದಲೇ ಸಿದ್ಧಮಾಡಿ ಆಟದ ಜೊತೆಗೇ ಕಳಿಸಬಹುದು; ರುಬ್ಬಿ ಹುಳಿ ಬಂದ ಹಿಟ್ಟು ಮನೆಬಾಗಿಲಿಗೆ ಬರುತ್ತದೆ. ಎಲ್ಡನ್ ರಿಂಗ್ ವಿಷಯದಲ್ಲಿ ಇಷ್ಟೂ ಸಾಲಲಿಲ್ಲ. ಆಟ ಮತ್ತೆ ಮತ್ತೆ ಮೆಮೊರಿ ಬೇಡುವ ರೀತಿಯಲ್ಲೂ ತೊಡಕಿದೆಯೆಂದು ವಾಲ್ವ್‌ನ ಪಿಯೆರ್-ಲೂ ಗ್ರಿಫೆ ಮತ್ತು ಸಂಗಡಿಗರು ಕಂಡುಕೊಂಡು, ಆಟದ ಒಂದು ಸಾಲನ್ನೂ ಮುಟ್ಟದೆ, ದುಭಾಷಿಯ ಮಟ್ಟದಲ್ಲೇ ಅದನ್ನು ಸರಿಪಡಿಸಿದರು. ಮಾತು ತಿರುಗಿಸುವವನು ಜಾಣನಾದರೆ ಮಾತಾಡುವವನ ತೊದಲೂ ಕೇಳುಗನಿಗೆ ತಟ್ಟುವುದಿಲ್ಲ.

● ಆಟಗಳಿಗಾಗಿ ಲಿನಕ್ಸ್‌ನ ಹೃದಯವನ್ನೇ, ಎಂದರೆ ಕರ್ನಲ್ಲನ್ನೇ, ತಿದ್ದಿದ್ದಾರೆ. ವಿಂಡೋಸ್ ಆಟಗಳಲ್ಲಿ ‘ಈ ನಾಲ್ಕರಲ್ಲಿ ಯಾವುದು ಮೊದಲು ಮುಗಿದರೂ ನನ್ನನ್ನು ಎಬ್ಬಿಸು’ ಎಂದು ಹೇಳಿ ಮಲಗುವ ರೂಢಿಯಿದೆ. ಮೈಸೂರಿಗೆ ಹೋಗುವ ಯಾವ ಬಸ್ ಬಂದರೂ ಸರಿ ಎಂದು ನಿಲ್ದಾಣದಲ್ಲಿ ಕಾಯುವಂತೆ. ಲಿನಕ್ಸ್‌ನ ಫ್ಯೂಟೆಕ್ಸ್ ಎಂಬ ಚುರುಕಾದ ವಿಧಾನದಲ್ಲಿ ಒಂದು ಬಸ್ಸಿಗೆ ಮಾತ್ರ ಕಾಯಬಹುದಿತ್ತು. ಕೊಲಾಬೊರಾ ಸಂಸ್ಥೆಯ ಆಂಡ್ರೆ ಅಲ್ಮೇಡಾ ಬರೆದ ತಿದ್ದುಪಡಿ 2022ರ ಜನವರಿಯ 5.16 ಕರ್ನಲ್ಲಿನಲ್ಲಿ ಈ ಕೊರತೆ ನೀಗಿಸಿತು. 2025ರ 6.14ರಲ್ಲಿ ಎಲಿಜಬೆತ್ ಫಿಗುರಾ ಅವರ ‘ಎನ್‌ಟಿಸಿಂಕ್’ ಸೇರಿಕೊಂಡು, ವಿಂಡೋಸ್ ಆಟಗಳು ಬಯಸುವ ಕಾಯುವಿಕೆಯ ರೀತಿಯನ್ನೇ ಲಿನಕ್ಸ್‌ನೊಳಗೆ ತಂದಿತು.

● ಡೆಕ್‌ಗಿಂತ ಬಹಳ ಮೊದಲೇ ಕೈಯಲ್ಲಿ ಹಿಡಿಯುವ ಲಿನಕ್ಸ್ ಆಟದ ಯಂತ್ರಗಳಿದ್ದವು. ದಕ್ಷಿಣ ಕೊರಿಯಾದ ‘ಜಿಪಿ2ಎಕ್ಸ್’ 2005ರದು, ಎರಡು ಎಎ ಸೆಲ್ ಹಾಕಿದರೆ ನಡೆಯುತ್ತಿತ್ತು. ಅದರ ಅಭಿಮಾನಿಗಳೇ ಸೇರಿ ಕಟ್ಟಿದ ‘ಪಂಡೋರಾ’ 2010ರಲ್ಲಿ ಕೊಂಡವರ ಕೈಗೆ ಬಂತು. ಮಡಚುವ ಮೈ, ಒಳಗೆ ಪುಟ್ಟ ಕೀಲಿಮಣೆ. ಪಂಡೋರಾದಲ್ಲಿ ಹಳೆಯ ಪ್ಲೇಸ್ಟೇಶನ್ ಆಟಗಳು ಚೆನ್ನಾಗಿ ಓಡಲೆಂದು ‘ನೊಟಾಜ್’ ಎಂಬ ಹೆಸರಿನಲ್ಲಿ ಬರೆಯುವವರೊಬ್ಬರು ಪಿಸಿಎಸ್‌ಎಕ್ಸ್ ಎಂಬ ಮುಕ್ತ ಎಮ್ಯುಲೇಟರನ್ನು ಎಆರ್‌ಎಂ ಚಿಪ್ಪಿಗೆ ಒಗ್ಗಿಸಿದರು. ಸೋನಿ ಸ್ವತಃ 2018ರ ಡಿಸೆಂಬರಿನಲ್ಲಿ ‘ಪ್ಲೇಸ್ಟೇಶನ್ ಕ್ಲಾಸಿಕ್’ ಎಂಬ ಪುಟ್ಟ ಯಂತ್ರ ಹೊರತಂದಾಗ ಅದರೊಳಗೆ ಹಾಕಿದ್ದು ಯಾವ ಎಮ್ಯುಲೇಟರ್? ಇದೇ!

● ನಿಂಟೆಂಡೊ 2016ರಲ್ಲಿ ತಂದ ಅಂಗೈಯಗಲದ ‘ಎನ್‌ಇಎಸ್ ಕ್ಲಾಸಿಕ್’ ಒಳಗೂ ಇರುವುದು ಲಿನಕ್ಸ್. ಗೂಗಲ್‌ನ ‘ಸ್ಟೇಡಿಯಾ’ ಸೇವೆಯ ಸರ್ವರ್‌ಗಳಲ್ಲಿದ್ದದ್ದೂ ಲಿನಕ್ಸ್. ಅದು 2023ರ ಜನವರಿಯಲ್ಲಿ ಮುಚ್ಚಿತು. ಆಂಡ್ರಾಯ್ಡ್ ಫೋನಿನ ತಳದಲ್ಲೂ ಲಿನಕ್ಸ್ ಕರ್ನಲ್ಲೇ ಇದೆ.

● ನಮ್ಮ ಬೆಂಗಳೂರಿನಲ್ಲೂ ಕೈಯಲ್ಲಿ ಹಿಡಿಯುವ ಲಿನಕ್ಸ್ ಯಂತ್ರವೊಂದು ಹುಟ್ಟಿತ್ತು: ‘ಸಿಂಪ್ಯೂಟರ್’. ಅದು ಆಟಕ್ಕೆಂದು ಮಾಡಿದ್ದಲ್ಲ, ಜನಸಾಮಾನ್ಯರಿಗೆ ಅಗ್ಗದ, ಬಹುಭಾಷೆಯ ಕಂಪ್ಯೂಟರ್ ಸಿಗಲೆಂದು ಮಾಡಿದ್ದು. ಸ್ವಾಮಿ ಮನೋಹರ್ ಮುಂದಾಳತ್ವದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್‌ನ ಎಂಜಿನಿಯರುಗಳೂ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2004ರಲ್ಲಿ ಮಾರುಕಟ್ಟೆಗೆ ಬಂದ ‘ಅಮಿಡಾ ಸಿಂಪ್ಯೂಟರ್’ ತಯಾರಾದದ್ದು ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ. ಕೈ ಅಲುಗಿಸಿದರೆ ಅದನ್ನು ಗುರುತಿಸುವ ಸಂವೇದಕ ಅದರಲ್ಲಿತ್ತು. ಮೊದಲ ಐಫೋನ್ ಬಂದದ್ದು ಅದಾಗಿ ಮೂರು ವರ್ಷಕ್ಕೆ. ಇವತ್ತು ಡೆಕ್ ಹಿಡಿದವರು ಕೈ ವಾಲಿಸಿ ಗುರಿ ಇಡುವಾಗ ನನಗೆ ಆ ಪುಟ್ಟ ಯಂತ್ರವೇ ನೆನಪಾಗುತ್ತದೆ. ನಿರೀಕ್ಷಿಸಿದಷ್ಟು ಮಾರಾಟವಾಗದೆ ಅದು ಮರೆಯಾದದ್ದು ನಮ್ಮ ನಾಡು ಕಳೆದುಕೊಂಡ ಒಂದು ದೊಡ್ಡ ಅವಕಾಶ.

● ಅಮೆರಿಕದ ವಾಯುಪಡೆ 2010ರಲ್ಲಿ ಸುಮಾರು 1,700 ಪ್ಲೇಸ್ಟೇಶನ್ 3 ಯಂತ್ರಗಳನ್ನು ಹೆಣೆದು, ಲಿನಕ್ಸ್ ಹಾಕಿ, ಒಂದು ಸೂಪರ್ ಕಂಪ್ಯೂಟರ್ ಮಾಡಿಕೊಂಡಿತು. ಅದೇ ವರ್ಷ ಏಪ್ರಿಲ್ 1ರ ತಿದ್ದುಪಡಿಯಲ್ಲಿ ಸೋನಿ ಆ ಯಂತ್ರದಿಂದ ಲಿನಕ್ಸ್ ಹಾಕುವ ಸೌಲಭ್ಯವನ್ನೇ ಕಿತ್ತುಹಾಕಿತು. ಕೊಂಡವರು ಕೋರ್ಟಿಗೆ ಹೋದರು, ವರ್ಷಗಳ ನಂತರ ಸೋನಿ ಹಣ ಕೊಟ್ಟು ರಾಜಿ ಮಾಡಿಕೊಂಡಿತು.

● ಇಷ್ಟೆಲ್ಲ ಆದರೂ ಲಿನಕ್ಸ್‌ನಲ್ಲಿ ಆಡಲಾಗದ ಜನಪ್ರಿಯ ಆಟಗಳಿವೆ, ಮತ್ತು ಅವುಗಳಲ್ಲಿ ಹಲವಕ್ಕೆ ತಡೆ ತಾಂತ್ರಿಕವಾದದ್ದಲ್ಲ. ‘ಫೋರ್ಟ್‌ನೈಟ್’ನಂಥ ಆನ್‌ಲೈನ್ ಆಟಗಳು ಮೋಸ ಹಿಡಿಯಲು ಕಾವಲು ತಂತ್ರಾಂಶ ಇಟ್ಟುಕೊಂಡಿವೆ. ಹೆಸರಾಂತ ಎರಡು ಕಾವಲು ತಂತ್ರಾಂಶಗಳು, ಈಸಿ ಆ್ಯಂಟಿ-ಚೀಟ್ ಮತ್ತು ಬ್ಯಾಟಲ್‌ಐ, 2021ರ ಸೆಪ್ಟೆಂಬರಿನಲ್ಲೇ ಪ್ರೋಟಾನ್‌ಗೆ ಒಪ್ಪಿಗೆ ಕೊಟ್ಟವು. ಆದರೆ ಬಾಗಿಲು ತೆರೆಯುವ ತೀರ್ಮಾನ ಆಯಾ ಆಟದವರದು. ಅವರ ಭಯಕ್ಕೆ ಕಾರಣವಿಲ್ಲವೆಂದಲ್ಲ. ವಿಂಡೋಸ್‌ನಲ್ಲಿ ಕೆಲವು ಕಾವಲುಗಾರರು ಕರ್ನಲ್ಲಿನೊಳಗೇ ಕೂತು ಇಡೀ ಯಂತ್ರವನ್ನು ನೋಡುತ್ತಾರೆ. ಲಿನಕ್ಸ್‌ನಲ್ಲಿ ಕರ್ನಲ್ಲನ್ನೇ ಬಳಕೆದಾರ ಬದಲಿಸಬಲ್ಲ, ಹಾಗಾಗಿ ಯಾರನ್ನು ನಂಬುವುದು ಎಂಬ ಪ್ರಶ್ನೆ ಏಳುತ್ತದೆ. ‘ಏಪೆಕ್ಸ್ ಲೆಜೆಂಡ್ಸ್’ ಎರಡು ವರ್ಷಕ್ಕೂ ಹೆಚ್ಚು ಕಾಲ ಡೆಕ್‌ನಲ್ಲಿ ಓಡುತ್ತಿದ್ದದ್ದು, 2024ರ ಅಕ್ಟೋಬರ್ 31ರಂದು ಲಿನಕ್ಸ್‌ನವರನ್ನು ಹೊರಗಿಟ್ಟಿತು. ನ್ಯಾಯವಾಗಿ ಆಡುತ್ತಿದ್ದವರಿಗೂ ಅಂದೇ ಬಾಗಿಲು ಮುಚ್ಚಿತು. ಒಬ್ಬ ಕಳ್ಳನಿಗಾಗಿ ಕೇರಿಗೆಲ್ಲ ಬೀಗ ಹಾಕುವುದು ಸರಿಯಲ್ಲ. ಮೋಸವನ್ನು ಸರ್ವರ್‌ನಲ್ಲೇ ಆಟದ ನಡೆ ನೋಡಿ ಹಿಡಿಯುವ ದಾರಿಗಳ ಮೇಲೆ ಆಟದ ಕಂಪನಿಗಳು ಇನ್ನೂ ಹೆಚ್ಚು ಶ್ರಮ ಹಾಕಬೇಕು.

● ಸ್ಟೀಮ್‌ನ ಮಾಸಿಕ ಸಮೀಕ್ಷೆಯಲ್ಲಿ ಲಿನಕ್ಸ್ ಪಾಲು 2023ರ ಜುಲೈನಲ್ಲಿ ಮ್ಯಾಕ್ ಅನ್ನು ಹಿಂದೆ ಹಾಕಿತು, 2025ರ ಅಕ್ಟೋಬರಿನಲ್ಲಿ ಮೊದಲ ಸಲ ಶೇ. 3 ದಾಟಿತು. ಕೇಳಲು ಸಣ್ಣ ಸಂಖ್ಯೆ. ಸ್ಟೀಮ್‌ನಲ್ಲಿ ಆಡುವವರು ಎಷ್ಟು ಕೋಟಿಯೆಂದು ನೆನೆದರೆ ಸಣ್ಣದಲ್ಲ.

● ಲೆನೊವೊ ಕೈಯಲ್ಲಿ ಹಿಡಿದು ಆಡುವ ತನ್ನ ‘ಲೀಜನ್ ಗೋ ಎಸ್’ ಅನ್ನು 2025ರಲ್ಲಿ ವಿಂಡೋಸ್ ಮತ್ತು ಡೆಕ್‌ನ ಲಿನಕ್ಸ್ ಆದ ಸ್ಟೀಮ್ಓಎಸ್ ಎರಡರಲ್ಲೂ ಮಾರಿತು. ವಾಲ್ವ್ ಅಲ್ಲದ ಕಂಪನಿಯೊಂದು ಸ್ಟೀಮ್ಓಎಸ್ ಹಾಕಿ ಮಾರಿದ, ಕೈಯಲ್ಲಿ ಹಿಡಿದು ಆಡುವ ಮೊದಲ ಯಂತ್ರ ಅದು. ಡೆಕ್‌ನ ತಳದಲ್ಲಿರುವಂತೆಯೇ ಇದರ ತಳದಲ್ಲೂ ಆರ್ಚ್ ಲಿನಕ್ಸ್. ಆ ವರ್ಷದ ನವೆಂಬರಿನಲ್ಲಿ ವಾಲ್ವ್ ಮತ್ತೆ ‘ಸ್ಟೀಮ್ ಮೆಷಿನ್’ ಹೆಸರಿನ ಪೆಟ್ಟಿಗೆಯನ್ನೂ, ‘ಸ್ಟೀಮ್ ಫ್ರೇಮ್’ ಎಂಬ ಕಣ್ಣಿಗೆ ಕಟ್ಟಿಕೊಳ್ಳುವ ಯಂತ್ರವನ್ನೂ ಘೋಷಿಸಿತು. ಫ್ರೇಮ್‌ನಲ್ಲಿರುವುದು ಫೋನುಗಳ ಜಾತಿಯ ಎಆರ್‌ಎಂ ಚಿಪ್. ಅಲ್ಲಿ ಪಿಸಿ ಆಟ ಓಡಲು ಪ್ರೋಟಾನ್ ಒಂದೇ ಸಾಲದು. ‘ಫೆಕ್ಸ್’ ಎಂಬ ಇನ್ನೊಬ್ಬ ಸಹಾಯಕ ಪ್ರೊಸೆಸರಿನ ಮಾತನ್ನೂ ತಿರುಗಿಸಬೇಕು. ಇದು ನಿಜವಾದ ಎಮ್ಯುಲೇಟರ್.

● ಕೊನೆಯದಾಗಿ, ಡೆಕ್ ಕೈಗೆ ಸಿಕ್ಕ ಕನ್ನಡಿಗರು ಮಾಡಿ ನೋಡಬಹುದಾದದ್ದು. ಡೆಸ್ಕ್‌ಟಾಪ್‌ಗೆ ಹೋಗಿ, ಕೀಲಿಮಣೆಯ ಸೆಟ್ಟಿಂಗ್ ತೆರೆದು, ಭಾರತೀಯ ಭಾಷೆಗಳ ವಿನ್ಯಾಸಗಳನ್ನು ನೋಡುತ್ತ ಹೋಗಿ. ಕನ್ನಡದ ಎದುರು ‘ಕಗಪ’ ಎಂಬ ಹೆಸರು ಸಿಗುತ್ತದೆ: ಕನ್ನಡ ಗಣಕ ಪರಿಷತ್ತು. ಲಿನಕ್ಸ್ ಡೆಸ್ಕ್‌ಟಾಪ್‌ಗಳೆಲ್ಲ ಹಂಚಿಕೊಳ್ಳುವ ಕೀಲಿಮಣೆ ಪಟ್ಟಿಯಲ್ಲಿ ಹಿಂದಿ, ಮರಾಠಿ, ತೆಲುಗು, ಸಂಸ್ಕೃತಕ್ಕೂ ಇದೇ ‘ಕಗಪ’ ಹೆಸರಿನ ವಿನ್ಯಾಸಗಳಿವೆ. ಅದನ್ನು ಆರಿಸಿ, ಒಂದು ಕೀಲಿಮಣೆ ಸಿಕ್ಕಿಸಿದರೆ, ನೇರವಾಗಿ ಕನ್ನಡ ಬರೆಯಬಹುದು.